ಸೋಮಾರಿ ಗಂಟುಗಳು

ಕದಿರಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಬಸ್ಸಿಗೆ ಕಾಯುವಾಗಲೂ ರಸ್ತೆ ಬದಿಯ ಹುಲ್ಲು ಕೀಳುತ್ತಿದ್ದಳು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಎಲೆಗೆ ಅನ್ನ ಬೀಳುವ ಮೊದಲೇ ಎದ್ದು ತಾನೇ ಸಾರಿನ ಬಕೆಟ್ಟು ಹಿಡಿದುಬಿಡುತ್ತಿದ್ದಳು. ಗಂಡ ಪಿಳ್ಳಪ್ಪ ಇಪ್ಪತ್ತು ವರ್ಷದಲ್ಲಿ ಇದಕ್ಕೆ ಒಗ್ಗಿಹೋಗಿದ್ದ. "ಇವಳ ಅಂಗಾಲಲ್ಲಿ ಇರುವೆ ಗೂಡೈತೆ" ಎಂದು ಬಂದ ನೆಂಟರಿಗೆ ಹೇಳಿ ಬೀಡಿ ಹಚ್ಚುತ್ತಿದ್ದ.

ತೂಬಗೆರೆಗೆ ಎರಡು ಮೈಲಿ ದೂರದ ಹಳ್ಳಿ ಅವರದು. ಎರಡೆಕರೆ ಹೊಲ. ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಹೊಲದ ಕೆಲಸ ಮುಗಿದರೆ ಕದಿರಮ್ಮನಿಗೆ ಮೈಯೆಲ್ಲ ತುರಿಸಿದಂತಾಗುತ್ತಿತ್ತು. ತೊಂಬತ್ತೊಂದನೇ ಇಸವಿಯಲ್ಲಿ, ದೊಡ್ಡಬಳ್ಳಾಪುರದ ದಾರಿಯಲ್ಲಿ ಹೊಸದಾಗಿ ಬೇಲಿ ಹಾಕಿದ್ದ ಬೇಸಾಯ ಸಂಶೋಧನೆಯ ಫಾರಂನಲ್ಲಿ ದಿನಗೂಲಿಗೆ ಹೆಂಗಸರು ಬೇಕಂತೆ ಎಂದು ಪಕ್ಕದ ಮನೆ ಮುನಿಲಕ್ಷ್ಮಮ್ಮ ಹೇಳಿದ್ದೇ ತಡ, ಮರುದಿನ ಬೆಳಗ್ಗೆ ಇಬ್ಬರೂ ಗೇಟಿನ ಮುಂದೆ ನಿಂತಿದ್ದರು.

ಮೊದಲ ವರ್ಷ ಎಲ್ಲರಂತೆ ಕಳೆ ಕಿತ್ತಳು, ನೀರು ಹಾಯಿಸಿದಳು, ತೆನೆ ಬಡಿದಳು. ಎರಡನೇ ವರ್ಷ ಉಮಾಶಂಕರ್ ಬಂದ.

ನಂದಗುಡಿ ಕಡೆಯ ರೈತರ ಮನೆಯ ಮಗ ಅವನು. ಪಿಎಚ್.ಡಿ. ಮಾಡಲು ಈ ಫಾರಂ ಹಿಡಿದಿದ್ದ. ಸಣಕಲು ಮೈ, ಹಳೇ ಮೊಪೆಡ್ಡು, ಹೆಗಲಿಗೆ ಖಾಕಿ ಚೀಲ. ಅವನಿಗೆ ಬೇಕಾಗಿದ್ದದ್ದು ಸೋಯಾ ಅವರೆಯ ಬೇರು. ಗಿಡವನ್ನು ಬೇರು ಹರಿಯದಂತೆ ಎಬ್ಬಿಸಬೇಕು, ಬಕೆಟ್ಟಿನ ನೀರಿನಲ್ಲಿ ಮಣ್ಣು ತೊಳೆಯಬೇಕು, ಬೇರಿಗೆ ಮುತ್ತಿನಂತೆ ಅಂಟಿಕೊಂಡ ಗಂಟುಗಳನ್ನು ಬಿಡಿಸಿ ಎಣಿಸಬೇಕು. ಬೇರೆ ಹೆಂಗಸರು ಎಳೆದ ರಭಸಕ್ಕೆ ಅರ್ಧ ಬೇರು ಮಣ್ಣಿನಲ್ಲೇ ಉಳಿಯುತ್ತಿತ್ತು. ಕದಿರಮ್ಮನ ಬೆರಳು ಮಾತ್ರ ಮಣ್ಣಿನೊಳಗೆ ಹಾವಿನಂತೆ ಹರಿದು ತುದಿಯ ಎಳೆಯನ್ನೂ ಬಿಡದೆ ತರುತ್ತಿತ್ತು. ಮೂರೇ ದಿನದಲ್ಲಿ ಉಮಾಶಂಕರ್ ಅವಳನ್ನು ಕಳೆ ಕೆಲಸದಿಂದ ಬಿಡಿಸಿ ತನ್ನ ಬೇರು ತೊಳೆಯುವ ಕಟ್ಟೆಗೆ ಕರೆದುಕೊಂಡ.

"ಈ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಾಣು ಇರ್ತವೆ ಕದಿರಮ್ಮ. ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ. ಅವು ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಕೊಡ್ತವೆ. ನಾವು ಯೂರಿಯಾ ಹಾಕ್ತೀವಲ್ಲ, ಅದರಲ್ಲಿರೋ ಸತ್ವಾನೇ."

"ಓ, ಅದಕ್ಕೇನಾ ಅವರೆ ಸಾಲಿನ ಪಕ್ಕದ ರಾಗಿ ಕರ್ರಗೆ ಬರೋದು?"

ಉಮಾಶಂಕರ್ ನಕ್ಕ. "ನಿಮಗೆ ಮೊದಲೇ ಗೊತ್ತಿದೆ ಬಿಡಿ."

ಎಣಿಸುವ ಕೆಲಸ ಕೂತು ಮಾಡುವಂಥದ್ದು. ಕೂತ ಬೆರಳು ಸುಮ್ಮನಿರಬೇಕಲ್ಲ! ಕದಿರಮ್ಮ ಎಣಿಸಿದ ಗಂಟನ್ನು ಉಗುರಿನಿಂದ ಸೀಳಿ ನೋಡತೊಡಗಿದಳು. ಕೆಲವು ಒಳಗೆ ಎಳೆ ಮಾಂಸದಂತೆ ಕೆಂಪಗಿದ್ದವು. ಕೆಲವು ಕೊಬ್ಬರಿಯಂತೆ ಬಿಳಿ. ಒಂದು ವಾರ ಹೀಗೇ ಸೀಳಿದ ಮೇಲೆ ಅವಳಿಗೆ ಒಂದು ಸಂಗತಿ ತಲೆ ತಿನ್ನತೊಡಗಿತು.

"ಸಾ, ಆ ಮೂಲೆ ತಾಕಿನ ಗಿಡದಾಗೆ ಗಂಟು ಎಲ್ಲಕ್ಕಿಂತ ಜಾಸ್ತಿ ಅವೆ. ಆದ್ರೆ ಅಲ್ಲೇ ಎಲೆ ಹಳದಿ. ಸೀಳಿದ್ರೆ ಎಲ್ಲಾ ಬಿಳೀವೇ."

ಉಮಾಶಂಕರ್ ಪುಸ್ತಕ ಮುಚ್ಚಿದ. ಅವನು ಬರೆದುಕೊಳ್ಳುತ್ತಿದ್ದದ್ದು ಎಷ್ಟು ಗಂಟು ಎಂಬುದನ್ನು ಮಾತ್ರ. "ಕೆಂಪಗಿರೋವು ದುಡಿಯೋವು. ಬಿಳಿಯವು ಗಿಡದ ಸಕ್ಕರೆ ತಿಂದು ಸುಮ್ಮನೆ ಕೂತಿರೋವು. ಸೋಮಾರಿಗಳು."

"ಸೋಮಾರೀನ ಗಿಡ ಯಾಕೆ ಒಳಕ್ಕೆ ಬಿಟ್ಕೊಂಡೈತೆ ಮತ್ತೆ?"

"ಬಾಗಿಲಲ್ಲಿ ನಿಂತಾಗ ಎರಡೂ ಒಂದೇ ಥರ ಕಾಣ್ತವೆ. ಒಳಗೆ ಬಂದು ಕೂತ ಮೇಲೇ ಗುಣ ತಿಳಿಯೋದು."

"ತಿಳಿದ ಮೇಲಾದ್ರೂ ಗಿಡ ಏನಾದ್ರೂ ಮಾಡ್ತದಾ, ಇಲ್ಲಾ ಸುಮ್ನೆ ಉಣ್ಣಿಸ್ತಾನೇ ಇರ್ತದಾ?"

ಉಮಾಶಂಕರ್ ಆ ಪ್ರಶ್ನೆಯನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಮಾರನೆಯ ದಿನ ಪೇಟೆಯಿಂದ ಬರುವಾಗ ಅವಳಿಗೆಂದು ಒಂದು ಪೊಟ್ಟಣ ಬ್ಲೇಡು ತಂದ. ಅವತ್ತಿನಿಂದ ಪ್ರತಿ ಗಂಟನ್ನೂ ಕೊಯ್ದು ಕೆಂಪೆಷ್ಟು ಬಿಳಿಯೆಷ್ಟು ಎಂದು ಬೇರೆಬೇರೆ ಬರೆಯುವುದು ಶುರುವಾಯಿತು.

ಆ ಪ್ರಶ್ನೆಗೆ ಉತ್ತರ ಹುಡುಕಲು ಅವನು ಮುಂದಿನ ಬೇಸಿಗೆ ಕಳೆದ ಮೇಲೆ ಕುಂಡದ ಪ್ರಯೋಗ ಹೂಡಿದ. ಸುತ್ತ ತಂತಿ ಬಲೆ ಹೊಡೆದ ಒಂದು ಕೊಟ್ಟಿಗೆ ಫಾರಂನಲ್ಲಿತ್ತು. ಕೂಲಿ ಹೆಂಗಸರು ಅದನ್ನು ಬಲೆಮನೆ ಎನ್ನುತ್ತಿದ್ದರು. ಅಲ್ಲಿ ಎರಡೆರಡು ಕುಂಡ ಜೋಡಿಸಿ ಕಟ್ಟಿ, ತೊಳೆದು ಬೇಯಿಸಿದ ಮರಳು ತುಂಬಿ, ಒಂದೇ ಸೋಯಾ ಸಸಿಯ ಬೇರನ್ನು ಎರಡು ಪಾಲು ಮಾಡಿ ಒಂದು ಪಾಲು ಈ ಕುಂಡಕ್ಕೆ, ಇನ್ನೊಂದು ಪಾಲು ಆ ಕುಂಡಕ್ಕೆ ಇಳಿಸಬೇಕು. ಕೆಲವು ಜೋಡಿಗೆ ಎರಡು ಕಡೆಯೂ ಕೆಂಪು ಗಂಟಿನಿಂದ ತೆಗೆದು ಬೆಳೆಸಿದ ದುಡಿಯುವ ಜೀವಾಣು, ಕೆಲವಕ್ಕೆ ಎರಡು ಕಡೆಯೂ ಬಿಳಿಯದರಿಂದ ತೆಗೆದ ಸೋಮಾರಿ, ಕೆಲವಕ್ಕೆ ಒಂದು ಕಡೆ ಅದು, ಒಂದು ಕಡೆ ಇದು. ಕೊನೆಯ ಸಾಲಿಗೆ ಏನೂ ಇಲ್ಲ, ಬರೀ ಮರಳು. ಮರಳಿನಲ್ಲಿ ಸಾರಜನಕದ ಲವಲೇಶವೂ ಇಲ್ಲವಾದ್ದರಿಂದ ಯಾವ ಬೇರಿನ ಗಂಟು ದುಡಿಯುತ್ತದೋ ಆ ಗಿಡವಷ್ಟೇ ಹಸಿರಾಗಬೇಕು.

ಕೂದಲೆಳೆಯಂಥ ಬೇರನ್ನು ಮುರಿಯದೆ ಎರಡು ಕುಂಡಕ್ಕೆ ಇಳಿಸುವುದು ಉಮಾಶಂಕರನ ಕೈಗೆ ಹತ್ತಲಿಲ್ಲ. ಹತ್ತು ಸಸಿ ಸತ್ತ ಮೇಲೆ ಕದಿರಮ್ಮ ಅವನ ಕೈಯಿಂದ ಕಿತ್ತುಕೊಂಡಳು. "ಬಿಡಿ ಸಾ, ಮಗೀನ ಕಿವಿ ಚುಚ್ಚೋ ಕೆಲಸ ಇದು, ಗಂಡಸರಿಗೆ ಬರಲ್ಲ." ಎರಡು ದಿನದಲ್ಲಿ ನಲವತ್ತು ಜೋಡಿಯೂ ಕೂತವು. ನೀರು ಹಾಕುವುದೂ ಅವಳ ಪಾಲಿಗೇ ಬಂತು. ಕಾಯಿಸಿ ಆರಿಸಿದ ನೀರು, ಸಾಲಿಗೊಂದು ಚೊಂಬು, ಒಂದು ಸಾಲಿನ ಚೊಂಬು ಇನ್ನೊಂದಕ್ಕೆ ಮುಟ್ಟಿಸುವಂತಿಲ್ಲ.

ಮೂರು ವಾರ ಕಳೆಯಿತು. ದುಡಿಯುವವರ ಸಾಲು ಕಡುಹಸಿರಿನಿಂದ ಕರ್ರಗೆ ಎದ್ದಿತು. ಸೋಮಾರಿಗಳ ಸಾಲು ಹಳದಿಗೆ ತಿರುಗಿತು. ಬೆಳಗ್ಗೆ ಬಲೆಮನೆಯ ಬಾಗಿಲು ತೆಗೆದ ಕೂಡಲೇ ಕದಿರಮ್ಮನ ಕಣ್ಣು ಮೊದಲು ಬೀಳುತ್ತಿದ್ದದ್ದು ಆ ಹಳದಿ ಸಾಲಿಗೆ. ನೀರು ಕೊಡುತ್ತಿದ್ದಳು, ಆದರೆ ನೀರಿನಿಂದ ಅವುಗಳ ಹಸಿವು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬರೀ ಮರಳಿನಲ್ಲಿದ್ದ ಗಿಡಗಳೂ ಹಳದಿಯೇ. ಆದರೆ ಅವು ಒಂಟಿ, ಅವಕ್ಕೆ ಯಾರ ಭಾರವೂ ಇಲ್ಲ. ಈ ಗಿಡಗಳು ಹಾಗಲ್ಲ. ಎಲೆ ಸೊರಗಿದರೂ ಬೇರಿನಲ್ಲಿ ಕೂತವರಿಗೆ ಸಕ್ಕರೆ ಇಳಿಸುತ್ತಲೇ ಇದ್ದವು. ಐದು ತಮ್ಮಂದಿರಿಗೆ ಮುದ್ದೆ ತಿರುವಿ ಹಾಕಿ, ಕಡೆಗೆ ಪಾತ್ರೆ ಕೆರೆದು ಉಂಡು ಬೆಳೆದ ಹಿರಿಮಗಳು ಅವಳು. ಅಂಥ ಗಿಡವನ್ನು ನೋಡುತ್ತ ನಿಲ್ಲುವುದು ಅವಳಿಂದಾಗುತ್ತಿರಲಿಲ್ಲ.

"ಆ ಕುಂಡಾನ ಎಷ್ಟು ಸಲ ನೋಡ್ತೀಯೆ ಅಮ್ಮೀ? ದೃಷ್ಟಿ ತಾಗ್ತದೆ" ಎಂದು ಮುನಿಲಕ್ಷ್ಮಮ್ಮ ನಗುತ್ತಿದ್ದಳು.

ಒಂದು ಶನಿವಾರ ಕದಿರಮ್ಮ ಮನೆಯಿಂದ ಹೊರಡುವಾಗ ಮೂಟೆಯಿಂದ ಒಂದು ಹಿಡಿ ಯೂರಿಯಾ ಸೆರಗಿನ ತುದಿಗೆ ಕಟ್ಟಿಕೊಂಡಳು. ಏಕೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ನೀರು ಹಾಕುವಾಗ ಸೋಮಾರಿಗಳ ಸಾಲಿನ ಪ್ರತಿ ಕುಂಡಕ್ಕೂ ಒಂದೊಂದು ಚಿಟಿಕೆ ಉದುರಿಸಿದಳು. ಸೆರಗಿನಲ್ಲಿದ್ದದ್ದು ಆ ಒಂದು ಸಾಲಿಗೇ ಮುಗಿಯಿತು. ಬರೀ ಮರಳಿನ ಸಾಲಿಗೆ ಸೋಮವಾರ ತಂದರಾಯಿತು ಎಂದುಕೊಂಡಳು. ಸೋಮವಾರ ಬಂದಾಗ ಫಾರಂ ಸೂಪರ್‌ವೈಸರ್ ಹನುಮಂತರಾಯಪ್ಪ ಬಲೆಮನೆಯ ಬಾಗಿಲಲ್ಲೇ ನಿಂತಿದ್ದ. ಅವಳು ಸೆರಗು ಬಿಚ್ಚಲಿಲ್ಲ.

ಒಂದೇ ವಾರದಲ್ಲಿ ಆ ಸಾಲು ಹಸಿರಾಯಿತು.

ಉಮಾಶಂಕರ್ ಅದನ್ನು ಕಂಡ ಬೆಳಗ್ಗೆ ಕದಿರಮ್ಮ ಅಲ್ಲೇ ಇದ್ದಳು. ಅವನು ಕುಂಡಗಳ ಗುರುತು ಒಂದಲ್ಲ ಮೂರು ಸಲ ಓದಿದ. ಆಮೇಲೆ ಕುಂಡದ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಕದಿರಮ್ಮ, ನೋಡಿದ್ರಾ? ಎರಡು ಕಡೆಯೂ ಸೋಮಾರಿಗಳೇ ಇದ್ದಾಗ, ದುಡಿಯೋರು ಬೇರೆ ಯಾರೂ ಇಲ್ಲ ಅಂತ ತಿಳಿದು ಅವೇ ದುಡಿಯೋಕೆ ಶುರು ಮಾಡಿವೆ! ಒಂದು ಕಡೆ ದುಡಿಯೋರು ಇದ್ದ ಕುಂಡದಲ್ಲಿ ಮಾತ್ರ ಆರಾಮಾಗಿ ಕೂತಿರಬೇಕು. ಇಂಥದ್ದನ್ನ ಯಾರೂ ನೋಡಿಲ್ಲ."

ಕದಿರಮ್ಮ ಸೆರಗಿನ ತುದಿ ಮುದುರಿಕೊಂಡು, "ಇರಬೋದು ಸಾ" ಎಂದಳು.

ಆ ಎರಡು ಪದ ಅವಳನ್ನು ಹದಿನೈದು ದಿನ ಸುಟ್ಟವು. ಉಮಾಶಂಕರ್ ಮೊಪೆಡ್ಡು ಹತ್ತಿ ಬೆಂಗಳೂರಿಗೆ ಹೋಗಿ ತನ್ನ ಪ್ರೊಫೆಸರಿಗೆ ಹೇಳಿ ಬಂದ. ಅವರು ಧಾರವಾಡದಲ್ಲಿ ನಡೆಯುವ ವಿಜ್ಞಾನಿಗಳ ಸಭೆಗೆ ಅವನ ಹೆಸರು ಕಳಿಸಿದರು. ಅವನು ಮೈಸೂರು ಪಾಕು ತಂದು ಕೂಲಿಯವರಿಗೆಲ್ಲ ಹಂಚಿದ. ಕದಿರಮ್ಮನ ಕೈಗೆ ಎರಡು ತುಂಡು ಇಟ್ಟು, "ಮೊದಲು ಪ್ರಶ್ನೆ ಕೇಳಿದ್ದು ನೀವೇ" ಎಂದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಹೊರಗೆ ಹೋಗಿ ಬೇಲಿಯ ಬುಡದಲ್ಲಿ ಉಗುಳಿದಳು.

ಮನೆಯಲ್ಲಿ ರೊಟ್ಟಿ ಸೀದುಹೋಯಿತು. ಹಸು ಕಟ್ಟುವುದು ಮರೆತು ಅದು ಪಕ್ಕದವರ ರಾಗಿಗೆ ನುಗ್ಗಿತು. ಪಿಳ್ಳಪ್ಪ ಎರಡು ದಿನ ನೋಡಿದ, ಮೂರನೇ ದಿನ ಕೇಳಿದ.

"ಏನಾಗೈತೆ ನಿಂಗೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ. ಅದೇ ಆಗಿರೋದು."

ಪಿಳ್ಳಪ್ಪನಿಗೆ ಅರ್ಥವಾಗಲಿಲ್ಲ. ಕಡೆಗೆ ಅವಳೇ ಬಾಯಿ ಬಿಟ್ಟಳು. ಅವನು ಎಲ್ಲ ಕೇಳಿ, "ಒಂದು ಹಿಡಿ ಯೂರಿಯಾಕ್ಕೆ ಇಷ್ಟೊಂದಾ? ಗಿಡ ಹಸಿರಾಯ್ತು ತಾನೆ? ಯಾರಿಗೆ ನಷ್ಟ?" ಎಂದ.

"ಆ ಹುಡುಗನಿಗೆ."

"ಅವನು ಖುಷಿಯಾಗವ್ನೆ ಅಂತೀಯ."

"ಅದಕ್ಕೇ ನಷ್ಟ" ಎಂದು ಅವಳು ಸಿಡುಕಿ ಎದ್ದು ಹೋದಳು.

ಗಿಡ ಕೀಳುವ ದಿನ ಬಂತು. ಹಸಿರು ಸೋಮಾರಿಗಳ ಬೇರಿನಲ್ಲಿ ಕೆಂಪು ಗಂಟು ಸಿಗುತ್ತದೆಂದು ಉಮಾಶಂಕರ್ ತಾನೇ ಬ್ಲೇಡು ಹಿಡಿದ. ಗಂಟುಗಳು ಬೆರಳೆಣಿಕೆಯಷ್ಟು, ಅವೂ ಸಾಸಿವೆ ಗಾತ್ರ. ಮೊದಲನೆಯದು ಬಿಳಿ. ಎರಡನೆಯದು ಬಿಳಿ. ಅವನು ಕಿಟಕಿಯ ಬೆಳಕಿಗೆ ಹೋಗಿ ಕೊಯ್ದ, ಹೊಸ ಬ್ಲೇಡು ತೆಗೆದು ಕೊಯ್ದ, ಕನ್ನಡಕ ಒರೆಸಿಕೊಂಡು ಕೊಯ್ದ. ಎಲೆ ಕರ್ರಗೆ, ಗಂಟು ಬಿಳಿ. ಅವನ ಮುಖ ಸಣ್ಣಗಾಗುವುದನ್ನು ಕದಿರಮ್ಮ ನೋಡಿದಳು. "ನಾನೇ ಎಲ್ಲೋ ಕುಂಡ ಅದಲುಬದಲು ಮಾಡಿದ್ದೀನಿ" ಎಂದು ಅವನು ತನ್ನಷ್ಟಕ್ಕೆ ಗೊಣಗಿಕೊಂಡ. ಸಭೆಗೆ ಇನ್ನು ಎಂಟು ದಿನವಿತ್ತು.

ಅವನು ತನ್ನನ್ನೇ ದೂರಿಕೊಂಡದ್ದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಅವನು ಮಧ್ಯಾಹ್ನದ ಊಟಕ್ಕೆ ಹೊರಟು ಮೊಪೆಡ್ಡಿಗೆ ಕಾಲು ಹಾಕಿದಾಗ ಕದಿರಮ್ಮ ಗೇಟಿನವರೆಗೆ ಓಡಿ ಹ್ಯಾಂಡಲ್ಲು ಹಿಡಿದಳು.

"ಸಾ, ನಾನು ಯೂರಿಯಾ ಹಾಕ್ಬಿಟ್ಟೆ."

"ಎಲ್ಲಿಗೆ?"

"ಆ ಸಾಲಿಗೆ. ಹಸ್ಕೊಂಡಿದ್ವು. ನೋಡಕ್ಕಾಗಲಿಲ್ಲ."

ಉಮಾಶಂಕರ್ ಎಂಜಿನ್ನು ನಿಲ್ಲಿಸಿದ. ಅವನು ಬೈದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು. ಬೈಯಲಿಲ್ಲ. "ಯಾವತ್ತು?" ಎಂದ. ಹೇಳಿದಳು. "ನಾನು ಸ್ವೀಟು ಹಂಚಿದ ದಿನ ನಿಮಗೆ ಗೊತ್ತಿತ್ತು." ಅವಳು ಹೌದೆಂದು ತಲೆಯಾಡಿಸಿದಳು. ಅವನು ಮೊಪೆಡ್ಡು ತಿರುಗಿಸಿ ಬೆಂಗಳೂರಿನ ಕಡೆಗೆ ಹೋದ.

ಸಭೆಯಿಂದ ಹೆಸರು ವಾಪಸ್ಸಾಯಿತು. ಪ್ರೊಫೆಸರರ ಬಾಯಿಂದ ಅವನು ಏನೇನು ಕೇಳಿಸಿಕೊಂಡನೋ ಅವನು ಯಾರಿಗೂ ಹೇಳಲಿಲ್ಲ. ಹನುಮಂತರಾಯಪ್ಪ ಮಾತ್ರ ಎಲ್ಲರೆದುರು ಕೂಗಾಡಿದ. "ನಂಬಿ ಒಳಗೆ ಬಿಟ್ಕೊಂಡ್ರೆ ಇದಾ ನೀನು ಮಾಡೋದು? ನಾಳೆಯಿಂದ ಬಲೆಮನೆ ಕಡೆ ತಲೆ ಹಾಕಬೇಡ. ರಾಗಿ ತಾಕಿಗೆ ಹೋಗು." ಕದಿರಮ್ಮ ಉಮಾಶಂಕರನ ಕಡೆ ನೋಡಿದಳು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳಿಗೆ ಅದು ಚುಚ್ಚಿತು, ಆದರೂ ತಪ್ಪೆನ್ನಿಸಲಿಲ್ಲ.

ಎರಡು ತಿಂಗಳು ರಾಗಿ ತಾಕಿನಲ್ಲಿ ಕಳೆ ಕಿತ್ತಳು. ಬಲೆಮನೆಯ ಕಡೆಯಿಂದ ಮುನಿಲಕ್ಷ್ಮಮ್ಮ ಸುದ್ದಿ ತರುತ್ತಿದ್ದಳು. ಉಮಾಶಂಕರ್ ಪ್ರಯೋಗ ಮತ್ತೆ ಮೊದಲಿನಿಂದ ಹೂಡಿದ್ದಾನೆ, ಸಸಿ ನಾಟಿಯಾಗುತ್ತಿಲ್ಲ, ಬೇರು ಸೀಳಿದ ಸಂಜೆಗೇ ಜೋತು ಬೀಳುತ್ತವೆ, ಎರಡು ಸಲ ಮರಳು ಬೇಯಿಸಿ ಎರಡು ಸಲ ಚೆಲ್ಲಿದ್ದಾರೆ. ಪ್ರತಿ ಸುದ್ದಿಗೂ ಕದಿರಮ್ಮನ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಒಂದು ಭಾನುವಾರ ಬೆಳಗ್ಗೆ ಮೊಪೆಡ್ಡಿನ ಸದ್ದು ಅವಳ ಮನೆಯಂಗಳದಲ್ಲೇ ಕೇಳಿತು. ಪಿಳ್ಳಪ್ಪ ಚಾಪೆ ಹಾಸಿದ. ಉಮಾಶಂಕರ್ ಕೂರಲಿಲ್ಲ.

"ಕದಿರಮ್ಮ, ನನ್ನ ಫೆಲೋಶಿಪ್ಪು ಇನ್ನು ಆರು ತಿಂಗಳಿಗೆ ಮುಗಿಯುತ್ತೆ. ನಾಳೆಯಿಂದ ಬಲೆಮನೆಗೆ ಬರ್ತೀರಾ? ಹನುಮಂತರಾಯಪ್ಪನಿಗೆ ಹೇಳಿದ್ದೀನಿ."

"ನಾನಾ ಸಾ? ನನ್ನ ನಂಬ್ತೀರಾ?"

"ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ನಿಮ್ಮಷ್ಟು ಚೆನ್ನಾಗಿ ಬೇರು ಇಳಿಸೋರು ಯಾರೂ ಇಲ್ಲ. ಅದು ಗೊತ್ತು."

ಪಿಳ್ಳಪ್ಪ ನಡುವೆ ಬಾಯಿ ಹಾಕಿದ. "ಸಾಮಿ, ನೀವು ಅವಳ ಸೆರಗು ತಪಾಸಣೆ ಮಾಡಿ ಒಳಕ್ಕೆ ಬಿಡೋದಾದ್ರೆ ಬೇಡ. ಹಂಗಿಲ್ಲ ಅಂದ್ರೆ ಕರ್ಕೊಂಡು ಹೋಗಿ. ಇಲ್ಲಿದ್ದು ನನ್ನ ತಲೆ ತಿಂತಾವ್ಳೆ."

ಉಮಾಶಂಕರ್ ಬಹಳ ದಿನಗಳ ಮೇಲೆ ನಕ್ಕ. ಕದಿರಮ್ಮ ಒಳಗೆ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡು, ಮಜ್ಜಿಗೆ ತಂದುಕೊಟ್ಟಳು.

ಎರಡನೇ ಪ್ರಯೋಗದ ನಲವತ್ತೈದು ದಿನ ಅವಳ ಬದುಕಿನಲ್ಲೇ ದೊಡ್ಡ ಶಿಕ್ಷೆ. ಬೇರು ಇಳಿಸಿದ್ದು ಸುಲಭವಾಗಿತ್ತು. ಇಪ್ಪತ್ತನೇ ದಿನಕ್ಕೆ ಅದೇ ಸಾಲು ಹಳದಿಗೆ ತಿರುಗಿತು. ಕೆಳಗಿನ ಎಲೆ ಮೊದಲು, ಆಮೇಲೆ ಮೇಲಿನದು. ಕದಿರಮ್ಮ ನೀರು ಹೊಯ್ಯುತ್ತಿದ್ದಳು, ಮುಖ ತಿರುಗಿಸುತ್ತಿದ್ದಳು. ಕೈಗೆ ಕೆಲಸ ಬೇಕೆಂದು ಬಲೆಮನೆಯ ನೆಲವನ್ನು ದಿನಕ್ಕೆ ಎರಡು ಸಲ ಗುಡಿಸಿದಳು, ಚೊಂಬುಗಳನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದಳು, ಬಾಗಿಲ ಹೊರಗೆ ಹೋಗಿ ನಾಲ್ಕು ಹೆಜ್ಜೆ ಅಡ್ಡಾಡಿ ಮತ್ತೆ ಒಳಗೆ ಬಂದಳು. ಮೂವತ್ತೆರಡನೇ ದಿನ ಒಂದು ಗಿಡ ಎಲೆಯನ್ನೆಲ್ಲ ಉದುರಿಸಿ ಸತ್ತಿತು. ಅವತ್ತು ಅವಳು ಊಟದ ಗಂಟು ಬಿಚ್ಚಲಿಲ್ಲ.

"ಸಾಯ್ತಿರೋದನ್ನ ನೋಡ್ಕೊಂಡಿರೋದೂ ಒಂದು ಕೆಲಸಾನಾ ಸಾ?" ಎಂದು ಕೇಳಿದಳು.

"ಹೌದು" ಎಂದ ಉಮಾಶಂಕರ್. "ಇದೇ ಕಷ್ಟದ್ದು."

ನಲವತ್ತೈದನೇ ದಿನ ಕಿತ್ತರು. ಒಂದು ಕಡೆ ದುಡಿಯುವವರು, ಇನ್ನೊಂದು ಕಡೆ ಸೋಮಾರಿಗಳಿದ್ದ ಜೋಡಿಗಳನ್ನು ಮೊದಲು ತೊಳೆದರು. ದುಡಿಯುವ ಕಡೆಯ ಗಂಟುಗಳು ಕಡಲೆ ಗಾತ್ರಕ್ಕೆ ಉಬ್ಬಿ ಒಳಗೆಲ್ಲ ಕೆಂಪಗಿದ್ದವು. ಸೋಮಾರಿ ಕಡೆಯವು ಸಾಸಿವೆ ಗಾತ್ರಕ್ಕೇ ನಿಂತು ಮುರುಟಿದ್ದವು. ಹನ್ನೊಂದು ಜೋಡಿಯಲ್ಲಿ ಒಂಬತ್ತರಲ್ಲಿ ಹೀಗೇ. ಎಣಿಸುತ್ತ ಎಣಿಸುತ್ತ ಕದಿರಮ್ಮನ ದನಿ ಏರಿತು.

"ಸಾ, ಗಿಡಕ್ಕೆ ಗೊತ್ತಾಗೈತೆ! ಕೊಡೋರ ಕಡೆಗೆ ಉಣ್ಣಿಸೈತೆ, ಇವಕ್ಕೆ ಕೈ ಬಿಗಿ ಹಿಡಿದೈತೆ."

"ಹಾಗೇ ಕಾಣ್ತಿದೆ. ಹನ್ನೊಂದು ಗಿಡ ನಂಬಿ ಕೂಗೋ ಹಾಗಿಲ್ಲ" ಎಂದ ಅವನು. ಆದರೆ ಒಂದೊಂದು ಲೆಕ್ಕವನ್ನೂ ಎರಡೆರಡು ಸಲ ಎಣಿಸಿ ಬರೆದ. ಸಿಹಿ ಹಂಚುವ ಮಾತು ಈ ಸಲ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸಂಜೆ ಹೊತ್ತಿಗೆ ತನ್ನ ಹೊಲದಿಂದ ತಂದಿದ್ದ ಒಂದು ಅವರೆ ಬೇರಿನಲ್ಲಿ ಕದಿರಮ್ಮ ದಪ್ಪ ಗಂಟೊಂದನ್ನು ಕೊಯ್ದು ತಡೆದು ನಿಂತಳು. ಅದರ ಅರ್ಧ ಕೆಂಪು, ಅರ್ಧ ಬಿಳಿ. ನಡುವೆ ಗೆರೆ ಎಳೆದಂತೆ. "ಇದನ್ನ ಯಾವ ಲೆಕ್ಕಕ್ಕೆ ಹಾಕ್ಲಿ? ಒಂದೇ ಮನೇಲಿ ಇಬ್ಬರೂ ಅವ್ರೆ. ಸೋಮಾರಿಗೆ ಕೈ ಬಿಗಿ ಹಿಡಿದ್ರೆ ದುಡಿಯೋನೂ ಉಪವಾಸ, ದುಡಿಯೋನಿಗೆ ಉಣ್ಣಿಸಿದ್ರೆ ಸೋಮಾರೀನೂ ಉಣ್ತಾನೆ."

ಉಮಾಶಂಕರ್ ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. "ಗೊತ್ತಿಲ್ಲ ಕದಿರಮ್ಮ. ನಿಜವಾಗಿ ಗೊತ್ತಿಲ್ಲ. ಬೇರೆ ಸೀಸೆಗೆ ಹಾಕಿ."

ಅವನ ಪಿಎಚ್.ಡಿ. ಒಂದು ವರ್ಷ ತಡವಾಗಿ, ತೊಂಬತ್ತೈದರಲ್ಲಿ ಮುಗಿಯಿತು. ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಫಾರಂನಲ್ಲಿ ಮುಂದೆ ಬಂದವರಿಗೆ ಬೇರಿನ ಗೊಡವೆ ಇರಲಿಲ್ಲ. ಕದಿರಮ್ಮ ಮತ್ತೆ ಕಳೆ ಕೆಲಸಕ್ಕೆ ಹೋದಳು. ಆದರೆ ಕಣ್ಣಿಗೆ ಬಿದ್ದ ಅವರೆ, ಹುರುಳಿ, ಅಲಸಂದೆ ಯಾವುದನ್ನೂ ಬುಡ ಅಗೆಯದೆ ಬಿಡಲಿಲ್ಲ. ಊರಿನ ಹೆಂಗಸರಿಗೂ ಕೊಯ್ದು ತೋರಿಸಿದಳು. ಕೆಲವರು ನೋಡಿ ಕಲಿತರು, ಕೆಲವರು ಇವಳಿಗೆ ಹುಚ್ಚು ಎಂದರು.

ತೊಂಬತ್ತೇಳರ ಕಾರ್ತೀಕದಲ್ಲಿ ಉಮಾಶಂಕರನ ಕಾಗದ ಬಂತು. ಪಿಳ್ಳಪ್ಪ ಓದಿ ಹೇಳಿದ: ನಿಮ್ಮ ಹೊಲದ ಅವರೆ ಬೇರು ಬೇಕು, ಅರ್ಧ ಕೆಂಪು ಅರ್ಧ ಬಿಳಿ ಗಂಟು ಇರುವಂಥದ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನವರ ಕೈಲಿ ಕಳಿಸಿಕೊಡಿ.

ಕದಿರಮ್ಮ ಎರಡು ದಿನ ಹೊಲದಲ್ಲಿ ಕೂತು ಹನ್ನೆರಡು ಗಿಡ ಎಬ್ಬಿಸಿದಳು. ಪ್ರತಿ ಬೇರಿನಲ್ಲೂ ಒಂದೊಂದು ಗಂಟು ಮಾತ್ರ ಕೊಯ್ದು ನೋಡಿ, ಎರಡು ಬಣ್ಣ ಸಿಕ್ಕ ಐದನ್ನು ಆರಿಸಿದಳು. ಗೋಣಿಚೀಲ ನೆನೆಸಿ ಸುತ್ತಿ, ವಿಳಾಸಕ್ಕೆಂದು ಕಾಗದವನ್ನೂ ಹಿಡಿದು ಬೆಳಗಿನ ಬಸ್ಸಿನ ಕಂಡಕ್ಟರ್ ಬೈರಣ್ಣನ ಕೈಗೆ ಕೊಡಲು ಹೋದಳು. ಕೊಟ್ಟಳು. ಬಸ್ಸು ಹೊರಟು ಹತ್ತು ಮಾರು ಹೋಗುವಷ್ಟರಲ್ಲಿ, ಬಿಸಿಲಿಗೆ ಗೋಣಿ ಒಣಗಿದರೆ ನೀರು ಚಿಮುಕಿಸುವವರು ಯಾರು ಎಂದು ಹೊಳೆಯಿತು. ಕೂಗುತ್ತ ಓಡಿ ಬಸ್ಸು ನಿಲ್ಲಿಸಿ ತಾನೇ ಹತ್ತಿಬಿಟ್ಟಳು. ಕೈಯಲ್ಲಿ ಚೊಂಬು ಕೂಡ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಇಳಿದು ಹೋಟೆಲಿನವರಲ್ಲಿ ನೀರು ಕೇಳಿ ಗೋಣಿ ನೆನೆಸಿದಳು, ಯಲಹಂಕದಲ್ಲಿ ಮತ್ತೊಮ್ಮೆ.

ಕಾಗದದ ವಿಳಾಸ ತೋರಿಸುತ್ತ ಕೇಳುತ್ತ ಪ್ರಯೋಗಾಲಯ ತಲುಪಿದಾಗ ಹನ್ನೆರಡೂವರೆ. ಉಮಾಶಂಕರ್ ಬಿಳಿ ಕೋಟು ಹಾಕಿಕೊಂಡು ಹೊರಗೆ ಬಂದ. ಬಾಗಿಲಲ್ಲಿ ಒದ್ದೆ ಸೆರಗು, ಕೆಸರು ಗೋಣಿ ಹಿಡಿದು ನಿಂತವಳನ್ನು ಕಂಡು ಓಡಿ ಬಂದು ಗೋಣಿಗೆ ಕೈ ಹಾಕಿದ.

"ಏನ್ ಕದಿರಮ್ಮ, ನೀವೇ ಬಂದ್ಬಿಟ್ರಾ!"

"ಅದೆಲ್ಲ ಆಮೇಲೆ ಸಾ. ಮೊದಲು ಬಿಚ್ಚಿ, ಬೇರು ಉಸಿರು ಕಟ್ಕೊಂಡಿರ್ತವೆ. ಮೂರು ಗಂಟೆಗೆ ನಮ್ಮೂರ ಬಸ್ಸೈತೆ, ಬೇಗ ಬ್ಲೇಡು ಕೊಡಿ."